ಬಾಗಿಲ ಮೇಲಿನ ‘ಮ್ನಾ’

ಐರ್ಲೆಂಡಿನ ಎಷ್ಟೋ ಪಬ್‌ಗಳಲ್ಲಿ ಶೌಚಾಲಯದ ಬಾಗಿಲ ಮೇಲೆ ಬರೀ ಐರಿಶ್‌ನಲ್ಲೇ ಬರೆದಿರುತ್ತಾರೆ. ಒಂದರ ಮೇಲೆ ‘ಮ್ನಾ’, ಇನ್ನೊಂದರ ಮೇಲೆ ‘ಫಿರ್’. ಹೊರಗಿನಿಂದ ಬಂದವರು ಎಂ ಅಕ್ಷರ ನೋಡಿ ಗಂಡಸರದ್ದು, ಎಫ್ ನೋಡಿ ಹೆಂಗಸರದ್ದು ಅಂದುಕೊಂಡುಬಿಡುತ್ತಾರೆ. ಆದರೆ ಅದು ಉಲ್ಟಾ. ಮ್ನಾ ಅಂದರೆ ಹೆಂಗಸರು.

ಭಾಷಾವಿಜ್ಞಾನದ ತರಗತಿಯಲ್ಲಿ ನಾನು ಮೊದಲು ಎತ್ತಿಕೊಳ್ಳುವುದೇ ಈ ಪದವನ್ನು. ಒಬ್ಬಳಾದರೆ ‘ಬ್ಯಾನ್’, ಹಲವರಾದರೆ ‘ಮ್ನಾ’. ಬೋರ್ಡ್ ಮೇಲೆ ಎರಡನ್ನೂ ಬರೆದ ಕೂಡಲೇ ಇವು ಬೇರೆ ಬೇರೆ ಪದ ಅಲ್ವಾ ಸರ್ ಅನ್ನುತ್ತಾರೆ. ಅಲ್ಲ, ಒಂದೇ ಪದ. ಕೆಲವು ರೂಪಗಳಲ್ಲಿ ಬ ಮತ್ತು ನ ನಡುವೆ ಸ್ವರ ಇತ್ತು, ಕೆಲವದರಲ್ಲಿ ಇರಲಿಲ್ಲ. ಸ್ವರ ಇಲ್ಲದ ಕಡೆ ‘ಬ್ನಾ’ ಉಳಿಯಿತು, ಪಕ್ಕದಲ್ಲೇ ನ ಇದ್ದದ್ದರಿಂದ ಬ ಕೂಡ ಮೂಗಿಗೇರಿ ಮ ಆಯಿತು. ನಾಲ್ಕು ಸಲ ಬೇಗ ಬೇಗ ‘ಬ್ನಾ’ ಅಂದು ನೋಡಿ, ನಿಮ್ಮ ಬಾಯಲ್ಲೂ ಅದೇ ಆಗುತ್ತೆ. ಐರ್ಲೆಂಡಿನ ಪಶ್ಚಿಮದ ಗಾಲ್ವೇ ಕಡೆಯವರು ‘ಮ್ರಾ’ ಅಂತಲೇ ಹೇಳುತ್ತಾರೆ.

ಇನ್ನೂ ಹಿಂದೆ, ಐರಿಶ್ ಮತ್ತು ಸಂಸ್ಕೃತ ಎರಡೂ ಹುಟ್ಟಿದ ಒಂದೇ ಮೂಲಭಾಷೆಯವರೆಗೆ ಹೋದರೆ ಆ ಬ ಕೂಡ ಬ ಆಗಿರಲಿಲ್ಲ, ‘ಗ್ವ’ದಂಥ ಸದ್ದು. ಐರಿಶ್‌ನಲ್ಲಿ ಅದು ಬ ಆಯಿತು, ಸಂಸ್ಕೃತದಲ್ಲಿ ಗ ಅಥವಾ ಜ. ವೇದದಲ್ಲಿ ಹೆಣ್ಣಿಗೆ ಇರುವ ‘ಗ್ನಾ’, ‘ಜನಿ’ ಎರಡೂ ಬ್ಯಾನ್‌ನ ಬಳಗವೇ. ಹಸುವಿಗೆ ಐರಿಶ್‌ನಲ್ಲಿ ‘ಬೋ’, ಸಂಸ್ಕೃತದಿಂದ ನಮಗೆ ಬಂದದ್ದು ಗೋವು. ಬದುಕಿರುವುದಕ್ಕೆ ಅವರಲ್ಲಿ ‘ಬ್ಯೋ’, ನಮ್ಮಲ್ಲಿ ಜೀವ. ಕನ್ನಡಕ್ಕೂ ಐರಿಶ್‌ಗೂ ನೆಂಟಸ್ತಿಕೆ ಇಲ್ಲ, ನಾವು ಎರವಲು ತಂದ ಈ ಪದಗಳಿಗೆ ಇದೆ. ನನಗೆ ಪ್ರತಿ ವರ್ಷವೂ ಇದನ್ನು ಹೇಳುವಾಗ ಮೈ ಜುಂ ಅನ್ನುತ್ತೆ.

ವ್ಯಾಕರಣ ಇನ್ನೂ ಸೊಗಸು. ‘ಆ ಹೆಂಗಸು’ ಅನ್ನಲು ಮುಂದೆ ‘ಅನ್’ ಸೇರಿಸಿದರೆ ಬ ಮೆತ್ತಗಾಗಿ ‘ಅನ್ ವ್ಯಾನ್’ ಆಗುತ್ತದೆ. ‘ಹೆಂಗಸಿನ’ ಅನ್ನಲು ‘ನ ಮ್ನಾ’, ‘ಆ ಹೆಂಗಸರು’ ಅನ್ನಲೂ ಅದೇ. ‘ಹೆಂಗಸರ’ ಅನ್ನುವಾಗ ಮಾತ್ರ ‘ಬನ್’ ಅನ್ನುವ ಹಳೆಯ ರೂಪ ಬರುತ್ತದೆ, ‘ನ’ ಜೊತೆ ಸೇರಿ ಬಾಯಲ್ಲಿ ‘ನ ಮನ್’ ಆಗುತ್ತದೆ. 1914ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ಈಸ್ಟರ್ ದಂಗೆಯಲ್ಲಿ ಪಾಲ್ಗೊಂಡ ‘ಕುಮನ್ ನ ಮನ್’, ಅಂದರೆ ಹೆಂಗಸರ ಸಂಘದ ಹೆಸರನ್ನು ಬರೆದಿರುವ ರೀತಿ ನೋಡಿ: Cumann na mBan. ಚಿಕ್ಕ ಎಂ, ಅದರ ಬೆನ್ನಿಗೇ ದೊಡ್ಡ ಬಿ. ಆ ಬಿ ಅನ್ನು ಯಾರೂ ಉಚ್ಚರಿಸುವುದಿಲ್ಲ, ಮೂಲಪದ ಯಾವುದು ಅಂತ ಕಣ್ಣಿಗೆ ತೋರಿಸಲು ಉಳಿಸಿಕೊಂಡಿದ್ದಾರೆ. ಮಳೆಯೂ ಕಾಲವೂ ಸೇರಿ ಮಳೆಗಾಲ ಆದಾಗ ನಾವು ಕ ಬಿಟ್ಟು ಗ ಮಾತ್ರ ಬರೆಯುತ್ತೇವೆ. ಐರಿಶ್‌ನವರು ಎರಡನ್ನೂ ಬರೆಯುತ್ತಾರೆ.