ಒಸಡಿನ ಕಾಯಿಲೆಗೆ ಹೆಸರಿಡುವ ಮುನ್ನ: ಅಳತೆ, ಹಂತ ಮತ್ತು ವಯಸ್ಸಿನ ಲೆಕ್ಕ

ಒಸಡಿನ ತೊಂದರೆಗೆಂದು ನನ್ನ ಬಳಿ ಬರುವವರಲ್ಲಿ ಅನೇಕರು ಹಳೆಯ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬರುತ್ತಾರೆ. ಅವುಗಳಲ್ಲಿ ‘ಒಸಡಿನ ಸೋಂಕು, ಕ್ಲೀನಿಂಗ್ ಮಾಡಲಾಗಿದೆ’ ಎಂದೋ, ‘ಪಯೋರಿಯಾ’ ಎಂದೋ ಬರೆದಿರುತ್ತದೆ. ಮಾತ್ರೆಯ ಹೆಸರು, ಬಾಯಿ ಮುಕ್ಕಳಿಸುವ ಔಷಧದ ಹೆಸರು ಇರುತ್ತದೆ. ಆದರೆ ಯಾವ ಹಲ್ಲಿನ ಸುತ್ತ ಎಷ್ಟು ಮಿಲಿಮೀಟರ್ ಆಳವಿತ್ತು ಎಂಬ ಒಂದೇ ಒಂದು ಅಂಕಿಯೂ ಇರುವುದಿಲ್ಲ. ಐದು ವರ್ಷದ ಹಿಂದೆ ಯಾರಾದರೂ ಹತ್ತು ನಿಮಿಷ ಕೂತು ಅಳೆದು ಬರೆದಿಟ್ಟಿದ್ದರೆ, ಇಂದು ಆ ರೋಗಿಯ ಕಾಯಿಲೆ ನಿಂತಿದೆಯೋ ಓಡುತ್ತಿದೆಯೋ ಎಂಬುದನ್ನು ನಾನು ಊಹಿಸಬೇಕಾಗುತ್ತಿರಲಿಲ್ಲ. ಒಸಡಿನ ಕಾಯಿಲೆಯ ರೋಗನಿರ್ಣಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿರುವುದು ಇದೇ: ಎಷ್ಟು ಕಳೆದುಹೋಗಿದೆ ಎಂಬುದರ ಜೊತೆಗೆ, ಎಷ್ಟು ವೇಗವಾಗಿ ಕಳೆದುಹೋಗುತ್ತಿದೆ ಎಂಬುದನ್ನೂ ಹೇಳದ ಹೆಸರು ಅರ್ಧ ಹೆಸರು.

ಮೊದಲು ಅಳತೆಯ ವಿಷಯ. ಆರೋಗ್ಯವಂತರ ಬಾಯಲ್ಲೂ ಹಲ್ಲಿಗೂ ಒಸಡಿನ ಅಂಚಿಗೂ ನಡುವೆ ಸಣ್ಣ ಸಂದು ಇರುತ್ತದೆ. ಅದರ ಆಳ ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್. ಅದನ್ನು ಅಳೆಯುವ ಸಾಧನವೇ ಪ್ರೋಬ್, ಅಂದರೆ ತುದಿ ಮೊಂಡಾಗಿರುವ, ಮಿಲಿಮೀಟರಿನ ಗೆರೆಗಳಿರುವ ತೆಳ್ಳನೆಯ ಕಡ್ಡಿ. ಅದನ್ನು ಸುಮಾರು 20ರಿಂದ 25 ಗ್ರಾಂ ಒತ್ತಡದಲ್ಲಿ ಮಾತ್ರ ಇಳಿಸಬೇಕು. ಕಲಿಯುವ ದಿನಗಳಲ್ಲಿ ನಮಗೆ ಹೇಳಿಕೊಟ್ಟ ಉಪಾಯವೆಂದರೆ, ಪ್ರೋಬಿನ ತುದಿಯನ್ನು ಹೆಬ್ಬೆರಳಿನ ಉಗುರಿನ ಅಡಿಗೆ ಒತ್ತಿ, ನೋವಾಗದೆ ಆ ಜಾಗ ಬೆಳ್ಳಗಾಗುವಷ್ಟು ಬಲ ಯಾವುದೆಂದು ಕೈಗೆ ಪರಿಚಯ ಮಾಡಿಸಿಕೊಳ್ಳುವುದು. ಪ್ರತಿ ಹಲ್ಲಿಗೂ ಕೆನ್ನೆಯ ಕಡೆ ಮೂರು, ನಾಲಿಗೆಯ ಕಡೆ ಮೂರು, ಹೀಗೆ ಆರು ಬಿಂದುಗಳು. ಬುದ್ಧಿಹಲ್ಲು ಬಿಟ್ಟು ಇಪ್ಪತ್ತೆಂಟು ಹಲ್ಲಿದ್ದರೆ 168 ಅಳತೆಗಳಾಗುತ್ತವೆ. ನಾನು ‘ಮೂರು, ಎರಡು, ಮೂರು’ ಎಂದು ಹೇಳುತ್ತಾ ಹೋದಂತೆ ಸಹಾಯಕಿ ಬರೆದುಕೊಳ್ಳುತ್ತಾರೆ. ನಡುವೆ ‘ಏಳು’ ಎಂದಾಗ ಕುರ್ಚಿಯಲ್ಲಿರುವವರ ಕಣ್ಣು ತಟ್ಟನೆ ತೆರೆದುಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಯಾರೂ ವಿವರಿಸದಿದ್ದರೂ ಆ ಅಂಕಿ ಒಳ್ಳೆಯದಲ್ಲ ಎಂಬುದು ಅವರಿಗೆ ಗೊತ್ತಾಗಿಬಿಡುತ್ತದೆ.

ಪ್ರೋಬನ್ನು ಹೊರತೆಗೆದ ಕೂಡಲೇ ಮುಂದೆ ಸಾಗಬಾರದು. ರಕ್ತದ ಸಣ್ಣ ಚುಕ್ಕೆ ಕೆಲವೊಮ್ಮೆ ಹತ್ತು, ಹದಿನೈದು ಸೆಕೆಂಡಿನ ನಂತರ ಮೂಡುತ್ತದೆ, ಆದ್ದರಿಂದ ಹಿಂದಿರುಗಿ ನೋಡಿ ಅದನ್ನೂ ದಾಖಲಿಸಬೇಕು. ಹಲ್ಲಿನ ಹಿಡಿತ, ಅಂದರೆ ಒಸಡು ಮತ್ತು ಮೂಳೆ ಬೇರನ್ನು ಹಿಡಿದುಕೊಂಡಿರುವುದು, ಎಲ್ಲೂ ಕಡಿಮೆಯಾಗದೆ, ಆಳವೂ 3 ಮಿಲಿಮೀಟರಿನೊಳಗೇ ಇದ್ದು, ಅಳೆದ ಬಿಂದುಗಳಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ಕಡೆ ರಕ್ತ ಬಂದರೆ ಅದು ಜಿಂಜಿವೈಟಿಸ್, ಎಂದರೆ ಒಸಡಿನ ಉರಿಯೂತ ಮಾತ್ರ. ಶೇ 30 ಮೀರಿದರೆ ಅದನ್ನು ಬಾಯಿಯಿಡೀ ವ್ಯಾಪಿಸಿದ್ದು ಎನ್ನುತ್ತೇವೆ. ಇದು ಪೂರ್ತಿ ವಾಸಿಯಾಗುವ ಸ್ಥಿತಿ. ‘ರಕ್ತ ಬರುತ್ತೆ ಅಂತ ಆ ಕಡೆ ಬ್ರಷ್ ಹಾಕೋದನ್ನೇ ಬಿಟ್ಟೆ ಡಾಕ್ಟ್ರೇ’ ಎಂದು ಹೇಳುವವರು ವಾರಕ್ಕೆ ಇಬ್ಬರಾದರೂ ಸಿಗುತ್ತಾರೆ. ರಕ್ತ ಬರುವ ಜಾಗಕ್ಕೇ ಬ್ರಷ್ ಹೆಚ್ಚು ಬೇಕಾಗಿರುವುದು. ಇನ್ನೊಂದೆಡೆ, ರಕ್ತ ಬರಲಿಲ್ಲವೆಂದು ನೆಮ್ಮದಿಪಡುವುದೂ ತಪ್ಪಾಗಬಹುದು. ಬೀಡಿ, ಸಿಗರೇಟು ಸೇದುವವರ ಒಸಡು ಆಳದಲ್ಲಿ ಕಾಯಿಲೆಯಿದ್ದರೂ ರಕ್ತ ಸುರಿಸದೆ ಗಟ್ಟಿಯಾಗಿ, ನಸುಬಿಳುಪಾಗಿ ಕಾಣಿಸುತ್ತದೆ. ಅಂಥವರಲ್ಲಿ ಕಣ್ಣನ್ನು ನಂಬದೆ ಪ್ರೋಬನ್ನು ನಂಬಬೇಕು.

ಆದರೆ ಪ್ರೋಬ್ ತೋರಿಸುವ ಆಳವೂ ಒಂದೇ ಆಗಿ ಸಾಲದು. ಹೊಸಬರು ಎಡವುವುದು ಇಲ್ಲೇ. ಹಲ್ಲಿನ ಎನಾಮಲ್ ಮುಗಿದು ಬೇರು ಆರಂಭವಾಗುವ ಕಡೆ ಒಂದು ಗೆರೆಯಿದೆ. ಹಿಡಿತ ಎಷ್ಟು ನಷ್ಟವಾಗಿದೆ ಎಂಬ ಲೆಕ್ಕವನ್ನು ಆ ಸ್ಥಿರವಾದ ಗೆರೆಯಿಂದ ಮಾಡಬೇಕೇ ಹೊರತು, ಏರುವ ಇಳಿಯುವ ಒಸಡಿನ ಅಂಚಿನಿಂದಲ್ಲ. ಬಿ.ಪಿ.ಗೆ ಅಮ್ಲೋಡಿಪಿನ್ ಮಾತ್ರೆ ನುಂಗುವ ಒಬ್ಬರಲ್ಲಿ ಒಸಡು ದಪ್ಪಗೆ ಬೆಳೆದು ಹಲ್ಲಿನ ಮೇಲೇರಿತ್ತು. ಪ್ರೋಬ್ 5 ಮಿಲಿಮೀಟರ್ ಒಳಗೆ ಹೋಯಿತು, ಆದರೆ ಆ ಗೆರೆಯೇ ಒಸಡಿನ ಅಂಚಿನಿಂದ 5 ಮಿಲಿಮೀಟರ್ ಕೆಳಗಿತ್ತು. ಎಂದರೆ ಹಿಡಿತದ ನಷ್ಟ ಸೊನ್ನೆ. ಅದೇ ದಿನ ನೋಡಿದ ಇನ್ನೊಬ್ಬರಲ್ಲಿ ಪ್ರೋಬ್ ಇಳಿದದ್ದು ಬರೀ 4 ಮಿಲಿಮೀಟರ್. ಆದರೆ ಒಸಡು ಮೊದಲೇ 3 ಮಿಲಿಮೀಟರ್ ಜಾರಿ ಬೇರು ಹೊರಗೆ ಕಾಣುತ್ತಿತ್ತು. ಅಲ್ಲಿ ನಷ್ಟ 7 ಮಿಲಿಮೀಟರ್. ಆಳವನ್ನು ಮಾತ್ರ ಬರೆದಿದ್ದರೆ ಮೊದಲನೆಯವರೇ ಹೆಚ್ಚು ರೋಗಿಯೆಂದು ತೀರ್ಮಾನವಾಗುತ್ತಿತ್ತು.

ಒಂದಕ್ಕೊಂದು ಪಕ್ಕದಲ್ಲಿಲ್ಲದ ಕನಿಷ್ಠ ಎರಡು ಹಲ್ಲುಗಳಲ್ಲಿ, ಹಲ್ಲಿನ ಸಂದಿನ ಕಡೆ ಇಂಥ ಹಿಡಿತದ ನಷ್ಟ ಕಂಡರೆ ಅದು ಪೆರಿಯೊಡಾಂಟೈಟಿಸ್. ಉರಿಯೂತ ಒಸಡನ್ನು ದಾಟಿ ಹಲ್ಲನ್ನು ಹಿಡಿದಿರುವ ಮೂಳೆಗೆ ಇಳಿದಿದೆ ಎಂದರ್ಥ. ಆದರೂ ನಷ್ಟಕ್ಕೆ ಬೇರೆ ಕಾರಣವಿದೆಯೇ ಎಂದು ಕೇಳಿಕೊಳ್ಳಲೇಬೇಕು. ಅಡ್ಡಡ್ಡಲಾಗಿ ಗಸಗಸ ಉಜ್ಜಿ ಒಸಡು ಸವೆದಿರಬಹುದು, ಓರೆಯಾಗಿ ಹೂತಿರುವ ಬುದ್ಧಿಹಲ್ಲು ತನ್ನ ಮುಂದಿನ ದವಡೆಹಲ್ಲಿನ ಹಿಂಬದಿಯನ್ನು ಹಾಳು ಮಾಡಿರಬಹುದು, ಬೇರು ಉದ್ದುದ್ದಕ್ಕೆ ಸೀಳಿರಬಹುದು, ಅಥವಾ ಹಲ್ಲಿನ ನರದ ಕೀವು ಒಸಡಿನ ದಾರಿಯಲ್ಲಿ ಹೊರಬರುತ್ತಿರಬಹುದು. ಇವನ್ನು ಲೆಕ್ಕದಿಂದ ಕಳೆಯದೆ ಪೆರಿಯೊಡಾಂಟೈಟಿಸ್ ಎಂದು ಬರೆಯುವುದು ಅವಸರವಾಗುತ್ತದೆ.

ಇಂದು ನಾವು ಬಳಸುವ ವರ್ಗೀಕರಣ 2017ರ ನವೆಂಬರಿನಲ್ಲಿ ಅಮೆರಿಕದ ಷಿಕಾಗೊದಲ್ಲಿ, ಅಮೆರಿಕ ಮತ್ತು ಯುರೋಪಿನ ಒಸಡು ತಜ್ಞರ ಸಂಘಗಳು ಒಟ್ಟಾಗಿ ನಡೆಸಿದ ಕಾರ್ಯಾಗಾರದಲ್ಲಿ ರೂಪುಗೊಂಡು 2018ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1999ರಿಂದ, ನಿಧಾನವಾಗಿ ಬೆಳೆಯುವುದನ್ನು ‘ಕ್ರಾನಿಕ್’, ಚಿಕ್ಕ ವಯಸ್ಸಿನಲ್ಲೇ ವೇಗವಾಗಿ ಬೆಳೆಯುವುದನ್ನು ‘ಅಗ್ರೆಸಿವ್’ ಎಂದು ಎರಡು ಬೇರೆ ಕಾಯಿಲೆಗಳೆಂಬಂತೆ ವಿಂಗಡಿಸುತ್ತಿದ್ದೆವು. ನಾನು ಕಲಿತದ್ದು ಅದನ್ನೇ. ಇವು ಮೂಲದಲ್ಲಿ ಎರಡು ಪ್ರತ್ಯೇಕ ಕಾಯಿಲೆಗಳು ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಮೇಲಾಗಿ, ಮೂವತ್ತೆಂಟರ ರೋಗಿಯೊಬ್ಬರು ಬಂದರೆ ಯಾವ ಕಡೆ ಸೇರಿಸುವುದೆಂದು ಇಬ್ಬರು ವೈದ್ಯರು ಒಪ್ಪುವುದೇ ಕಷ್ಟವಿತ್ತು. ಹೀಗಾಗಿ ಎರಡನ್ನೂ ಒಂದೇ ಹೆಸರಿನಡಿ ತಂದು, ತೀವ್ರತೆಗೆ ನಾಲ್ಕು ಹಂತಗಳನ್ನೂ ವೇಗಕ್ಕೆ ಎ, ಬಿ, ಸಿ ಎಂಬ ಮೂರು ದರ್ಜೆಗಳನ್ನೂ ಕೊಟ್ಟರು. ಒಸಡು ಕೊಳೆತು ತೀವ್ರ ನೋವು ಕೊಡುವ ನೆಕ್ರೋಟೈಸಿಂಗ್ ಬಗೆ ಮತ್ತು ಕೆಲವು ಅಪರೂಪದ ದೇಹವ್ಯಾಪಿ ಕಾಯಿಲೆಗಳಿಂದ ಬರುವ ಬಗೆ ಮಾತ್ರ ಪ್ರತ್ಯೇಕವಾಗಿ ಉಳಿದವು.

ಹಂತವನ್ನು ನಿರ್ಧರಿಸುವುದು ಅತಿ ಹೆಚ್ಚು ಹಾಳಾದ ಜಾಗ. ಹಿಡಿತದ ನಷ್ಟ 1–2 ಮಿಲಿಮೀಟರ್ ಇದ್ದರೆ ಮೊದಲ ಹಂತ, 3–4 ಇದ್ದರೆ ಎರಡನೆಯದು, 5 ಅಥವಾ ಹೆಚ್ಚಿದ್ದರೆ ಮೂರನೆಯದು ಇಲ್ಲವೇ ನಾಲ್ಕನೆಯದು. ಎಕ್ಸ್-ರೇಯಲ್ಲಿ ಬೇರಿನ ಉದ್ದದ ಶೇ 15ರೊಳಗಿನ ಮೂಳೆ ನಷ್ಟ ಮೊದಲ ಹಂತಕ್ಕೂ, ಶೇ 15ರಿಂದ 33ರವರೆಗಿನದು ಎರಡನೇ ಹಂತಕ್ಕೂ ಸಲ್ಲುತ್ತದೆ. ಮೂರಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ಮಿಲಿಮೀಟರಿನದಲ್ಲ. ಈ ಕಾಯಿಲೆಯಿಂದ ಐದು ಅಥವಾ ಹೆಚ್ಚು ಹಲ್ಲು ಹೋಗಿವೆಯೇ, ಉಳಿದವು ಅಲುಗಾಡಿ, ಹರಡಿ, ಅಗಿಯುವುದೇ ಕಷ್ಟವಾಗಿದೆಯೇ ಎಂಬುದರದ್ದು. ಚಿಕಿತ್ಸೆಯ ನಂತರ ಒಸಡು ಎಷ್ಟೇ ಚೆನ್ನಾಗಿ ಸುಧಾರಿಸಿದರೂ ಹಂತವನ್ನು ಕೆಳಗಿಳಿಸಿ ಬರೆಯುವುದಿಲ್ಲ, ಏಕೆಂದರೆ ಹೋದ ಮೂಳೆ ಸಾಮಾನ್ಯವಾಗಿ ಪೂರ್ತಿ ಮರಳುವುದಿಲ್ಲ.

ದರ್ಜೆಯ ಮಾತು ಇದಕ್ಕಿಂತ ಸೂಕ್ಷ್ಮ, ಮತ್ತು ನಮ್ಮ ಚೀಟಿಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದೂ ಇದೇ. ಐದು ವರ್ಷದ ಹಳೆಯ ದಾಖಲೆಯಿದ್ದರೆ ನೇರವಾಗಿ ಹೋಲಿಸಬಹುದು: ನಷ್ಟ ಬೆಳೆದಿಲ್ಲವಾದರೆ ಎ, 2 ಮಿಲಿಮೀಟರಿಗಿಂತ ಕಡಿಮೆ ಬೆಳೆದಿದ್ದರೆ ಬಿ, 2 ಅಥವಾ ಹೆಚ್ಚಿದ್ದರೆ ಸಿ. ದಾಖಲೆ ಇಲ್ಲದಿದ್ದರೆ ಅತಿ ಹೆಚ್ಚು ಹಾಳಾದ ಹಲ್ಲಿನ ಮೂಳೆ ನಷ್ಟದ ಶೇಕಡಾವಾರನ್ನು ರೋಗಿಯ ವಯಸ್ಸಿನಿಂದ ಭಾಗಿಸುತ್ತೇವೆ. 0.25ಕ್ಕಿಂತ ಕಡಿಮೆ ಬಂದರೆ ಎ, 1ರವರೆಗೆ ಬಿ, 1ನ್ನು ಮೀರಿದರೆ ಸಿ.

ಈ ಭಾಗಾಕಾರ ಏಕೆ ಅಷ್ಟು ಮುಖ್ಯವೆಂಬುದನ್ನು ಇಬ್ಬರ ಉದಾಹರಣೆಯಿಂದ ಹೇಳುತ್ತೇನೆ. ಅರವತ್ತಾರರ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ಹಲ್ಲಿನ ತುಂಬ ಗಾರೆ, ಅಂದರೆ ಗಟ್ಟಿಯಾಗಿ ಅಂಟಿದ ಕೊಳೆ, ಕಟ್ಟಿತ್ತು, ಮೂರು ಹಲ್ಲು ಅಲುಗಾಡಿ ಹೋಗಿದ್ದವು, ಮೂಳೆ ನಷ್ಟ ಶೇ 40. ಇನ್ನೊಬ್ಬರು ಇಪ್ಪತ್ತೊಂಬತ್ತರ ಶಾಲಾ ಶಿಕ್ಷಕಿ. ಗಾರೆ ಹುಡುಕಿದರೂ ಹೆಚ್ಚು ಸಿಗದಷ್ಟು ಸ್ವಚ್ಛವಾದ ಬಾಯಿ. ಮೇಲಿನ ಬಾಚಿಹಲ್ಲುಗಳ ನಡುವೆ ಸಂದು ಬಿಡುತ್ತಿದೆ ಎಂಬುದಷ್ಟೇ ಅವರ ದೂರು. ಎಕ್ಸ್-ರೇಯಲ್ಲಿ ಮೊದಲ ದವಡೆಹಲ್ಲುಗಳ ಪಕ್ಕ ಮೂಳೆ ಬಾವಿಯಂತೆ ಕುಸಿದಿತ್ತು, ನಷ್ಟ ಶೇ 45. ಇಬ್ಬರದೂ ಮೂರನೇ ಹಂತ. ಆದರೆ ಹಿರಿಯರದ್ದು 0.6, ಬಿ ದರ್ಜೆ, ಶಿಕ್ಷಕಿಯದ್ದು 1.55, ಸ್ಪಷ್ಟವಾಗಿ ಸಿ. ಕಣ್ಣಳತೆಯಲ್ಲಿ ಯಾರಾದರೂ ಹಿರಿಯರ ಬಗ್ಗೆಯೇ ಚಿಂತಿಸುತ್ತಿದ್ದರು. ಅವರಿಗೆ ಬೇರಿನವರೆಗೆ ಗಾರೆ ತೆಗೆದು, ಮನೆಯಲ್ಲಿ ಸಂದಿಗೆ ಬ್ರಷ್ ಹಾಕುವುದನ್ನು ಕಲಿಸಿ, ಮೂರು ತಿಂಗಳ ನಂತರ ಮತ್ತೆ ಅಳೆದಾಗ ಹೆಚ್ಚಿನ ಜಾಗಗಳು ಶಾಂತವಾಗಿದ್ದವು. ಶಿಕ್ಷಕಿಗೆ ಅದರ ಜೊತೆ ಆಂಟಿಬಯೋಟಿಕ್, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಯೋಚಿಸಬೇಕಾಯಿತು.

ಕೊಳೆಯ ಪ್ರಮಾಣಕ್ಕೂ ನಾಶದ ವೇಗಕ್ಕೂ ನೇರ ನಂಟಿಲ್ಲ ಎಂಬುದಕ್ಕೆ ನಮ್ಮ ನೆರೆಯಲ್ಲೇ ದೊಡ್ಡ ಸಾಕ್ಷ್ಯವಿದೆ. 1970ರಿಂದ ಹದಿನೈದು ವರ್ಷ ಶ್ರೀಲಂಕಾದ ಚಹಾ ತೋಟಗಳ 480 ಕಾರ್ಮಿಕರನ್ನು ಒಸಡು ಸಂಶೋಧಕ ಹರಾಲ್ಡ್ ಲೂ ಮತ್ತು ಅವರ ಸಂಗಡಿಗರು ಗಮನಿಸಿದರು. ಇವರಿಗೆ ದಂತ ಚಿಕಿತ್ಸೆಯೂ ಇರಲಿಲ್ಲ, ಹಲ್ಲುಜ್ಜುವ ರೂಢಿಯೂ ಇರಲಿಲ್ಲ. ಎಲ್ಲರ ಬಾಯಲ್ಲೂ ಕೊಳೆ, ಗಾರೆ, ಉರಿಯೂತ ಇತ್ತು. ಆದರೂ ಶೇ 8ರಷ್ಟು ಮಂದಿಯಲ್ಲಿ ಮಾತ್ರ ನಾಶ ಅತಿ ವೇಗವಾಗಿತ್ತು, ಶೇ 81ರಷ್ಟು ಮಂದಿಯಲ್ಲಿ ಮಧ್ಯಮ, ಶೇ 11ರಷ್ಟು ಮಂದಿಯಲ್ಲಿ ಉರಿಯೂತ ಒಸಡನ್ನು ದಾಟಿ ಮುಂದುವರಿಯಲೇ ಇಲ್ಲ. ಒಬ್ಬೊಬ್ಬರ ದೇಹ ಒಂದೇ ಕೊಳೆಗೆ ಒಂದೊಂದು ರೀತಿ ಉತ್ತರ ಕೊಡುತ್ತದೆ. ದರ್ಜೆ ಹಿಡಿಯಲು ಯತ್ನಿಸುವುದು ಆ ಉತ್ತರವನ್ನೇ.

ದರ್ಜೆಯನ್ನು ಮೇಲಕ್ಕೊಯ್ಯುವ ಎರಡು ಸಂಗತಿಗಳನ್ನು ಪ್ರತಿ ರೋಗಿಯಲ್ಲೂ ಕೇಳಲೇಬೇಕು. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು, ಇಲ್ಲವೇ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ 7 ಅಥವಾ ಹೆಚ್ಚು, ಈ ಎರಡರಲ್ಲಿ ಒಂದಿದ್ದರೂ ದರ್ಜೆಯನ್ನು ಸಿ ಎಂದು ತಿದ್ದುತ್ತೇವೆ. ವರ್ಗೀಕರಣದ ಕೋಷ್ಟಕದಲ್ಲಿರುವುದು ಸಿಗರೇಟಿನ ಲೆಕ್ಕ ಮಾತ್ರ. ನಮ್ಮ ಕಡೆಯ ಬೀಡಿಗಾಗಲೀ ಕೆನ್ನೆಯ ಸಂದಿನಲ್ಲಿ ಇಟ್ಟುಕೊಳ್ಳುವ ಹೊಗೆಸೊಪ್ಪಿಗಾಗಲೀ ಅದರಲ್ಲಿ ಜಾಗವಿಲ್ಲ. ನಾನು ಬೀಡಿಯನ್ನು ಸಿಗರೇಟಿನಷ್ಟೇ ಗಂಭೀರವಾಗಿ ಎಣಿಸುತ್ತೇನೆ. ಹೊಗೆಸೊಪ್ಪು ಇಡುವ ಜಾಗದಲ್ಲಿ ಒಸಡು ಜಾರಿದ್ದರೆ ಅದನ್ನು ಪ್ರತ್ಯೇಕವಾಗಿ ಬರೆದು, ಅದೇ ಜಾಗದಲ್ಲಿ ಬಿಳಿ ಮಚ್ಚೆಯಿದೆಯೇ ಎಂದೂ ನೋಡುತ್ತೇನೆ. ಸಕ್ಕರೆ ಕಾಯಿಲೆ ಇಲ್ಲವೆಂದವರಿಗೂ, ಒಸಡಿನಲ್ಲಿ ಪದೇ ಪದೇ ಕೀವುಗುಳ್ಳೆ ಏಳುತ್ತಿದ್ದರೆ ರಕ್ತಪರೀಕ್ಷೆ ಬರೆದುಕೊಡುತ್ತೇನೆ. ತಮಗೆ ಮಧುಮೇಹವಿದೆಯೆಂದು ಹೀಗೆ ಮೊದಲ ಬಾರಿ ತಿಳಿದವರು ನನ್ನ ರೋಗಿಗಳಲ್ಲಿ ಕೆಲವರಿದ್ದಾರೆ.

ಎಕ್ಸ್-ರೇಯ ಬಗ್ಗೆ ಒಂದು ಮಾತು. ಎಲ್ಲ ಹಲ್ಲನ್ನೂ ಒಟ್ಟಿಗೆ ತೋರುವ ಓಪಿಜಿಯನ್ನು ತಂದು ‘ಇದರಲ್ಲಿ ಎಲ್ಲ ಇದೆಯಲ್ಲ’ ಎನ್ನುವವರು ಬಹಳ. ಅದರಲ್ಲಿ ಮುಂದಿನ ಹಲ್ಲುಗಳ ಭಾಗ ಮಸುಕಾಗುತ್ತದೆ. ಕೆನ್ನೆಯ ಕಡೆಯ ಮೂಳೆ ಯಾವ ಸಾಮಾನ್ಯ ಎಕ್ಸ್-ರೇಯಲ್ಲೂ ಸರಿಯಾಗಿ ತಿಳಿಯದು. ಸಂಶಯವಿರುವ ಹಲ್ಲಿಗೆ ಪ್ರತ್ಯೇಕ ಸಣ್ಣ ಎಕ್ಸ್-ರೇ ತೆಗೆದು, ಪ್ರೋಬಿನ ಅಂಕಿಯ ಪಕ್ಕದಲ್ಲಿಟ್ಟು ಓದಬೇಕು.

ಶಿಕ್ಷಕಿಯ ಚೀಟಿಯಲ್ಲಿ ಕೊನೆಗೆ ಬರೆದದ್ದು ಹೀಗೆ: ಪೆರಿಯೊಡಾಂಟೈಟಿಸ್, ದವಡೆಹಲ್ಲು–ಬಾಚಿಹಲ್ಲು ಮಾದರಿ, ಮೂರನೇ ಹಂತ, ಸಿ ದರ್ಜೆ. ಈ ಮಾದರಿ ಒಂದೇ ಮನೆಯಲ್ಲಿ ಹಲವರಿಗೆ ಬರುವುದುಂಟು. ಆದ್ದರಿಂದ ಮನೆಯಲ್ಲಿ ಯಾರಿದ್ದಾರೆಂದು ಕೇಳಿದೆ. ‘ತಮ್ಮ ಇದಾನೆ ಸಾರ್, ಅವನಿಗೇನೂ ತೊಂದರೆ ಇಲ್ಲ’ ಎಂದರು. ಮುಂದಿನ ವಾರ ಕರೆತಂದರು. ಹತ್ತೊಂಬತ್ತರ ಹುಡುಗ, ರಕ್ತವಿಲ್ಲ, ನೋವಿಲ್ಲ, ಗಾರೆಯೂ ಇಲ್ಲ. ಮೇಲಿನ ಎರಡೂ ಕಡೆಯ ಮೊದಲ ದವಡೆಹಲ್ಲುಗಳಲ್ಲಿ, ಕೆಳಗೆ ಎಡಗಡೆಯ ಒಂದರಲ್ಲಿ ಪ್ರೋಬ್ 5 ಮಿಲಿಮೀಟರ್ ಇಳಿಯಿತು. ಹಿಡಿತದ ನಷ್ಟ 3 ಮಿಲಿಮೀಟರ್, ಮೂಳೆ ನಷ್ಟ ಶೇ 20. ಹತ್ತೊಂಬತ್ತರಿಂದ ಭಾಗಿಸಿದರೆ 1ಕ್ಕಿಂತ ತುಸು ಹೆಚ್ಚು. ಎರಡನೇ ಹಂತ, ಸಿ ದರ್ಜೆ ಎಂದು ಬರೆದು, ಮರುದಿನವೇ ಚಿಕಿತ್ಸೆ ಆರಂಭಿಸಿದೆವು.