100 ಎಂಬಿಪಿಎಸ್ ಇದ್ದರೂ ಮಾತು ಯಾಕೆ ತುಂಡಾಗುತ್ತದೆ?

ದಾವಣಗೆರೆಯಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಯಾರ ಮನೆಗೆ ಹೋದರೂ ಮೊದಲು ಮೊಬೈಲ್ ಮುಂದೆ ಹಿಡಿಯುತ್ತಾರೆ. "ನೋಡಿ ಸಾರ್, 100 ಎಂಬಿಪಿಎಸ್ ಬರ್ತೈತೆ. ಆದ್ರೂ ವಿಡಿಯೋ ಕಾಲಲ್ಲಿ ಮಾತು ಕಟ್ ಆಗ್ತೈತೆ." ಸ್ಪೀಡ್ ಟೆಸ್ಟೂ ನಿಜ, ದೂರೂ ನಿಜ. ಹಾಗಾಗಿ ಇನ್ನೂ ದೊಡ್ಡ ಪ್ಲಾನ್ ಹಾಕಿಸುವ ಮೊದಲು ಸ್ವಲ್ಪ ಲೆಕ್ಕ ನೋಡೋಣ.

ಇವತ್ತಿನ ಬಹುತೇಕ ಕಾಲ್‌ಗಳಲ್ಲಿ ಧ್ವನಿಯನ್ನು ಕುಗ್ಗಿಸುವುದು ಓಪಸ್ ಎಂಬ ಕೊಡೆಕ್. 2012ರಲ್ಲಿ ಪ್ರಮಾಣಿತವಾದದ್ದು. ಅದು ನಿಮ್ಮ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕು ಮಾಡುತ್ತದೆ. ಸೆಕೆಂಡಿಗೆ 32 ಕಿಲೋಬಿಟ್ ಅಂತ ಇಟ್ಟುಕೊಂಡರೆ ಒಂದು ತುಣುಕು 80 ಬೈಟ್. ಅದರ ಮೇಲೆ ವಿಳಾಸ, ಕ್ರಮಸಂಖ್ಯೆ ಎಲ್ಲಾ ಇರುವ ಹೆಡರ್‌ಗಳು ಸೇರಿ 40 ಬೈಟ್. ಒಟ್ಟು 120 ಬೈಟಿನ ಪ್ಯಾಕೆಟ್, ಸೆಕೆಂಡಿಗೆ 50. ಅಂದರೆ ಬರೀ 48 ಕೆಬಿಪಿಎಸ್. ನಿಮ್ಮ 100 ಎಂಬಿಪಿಎಸ್ ಅದರ ಎರಡು ಸಾವಿರ ಪಟ್ಟು! ಕೊರತೆ ಇರುವುದು ದಾರಿಯ ಅಗಲದಲ್ಲಿ ಅಲ್ಲ ಅಂತ ಇಲ್ಲೇ ಗೊತ್ತಾಯಿತು, ಅಲ್ವಾ? ಆ 50 ಪ್ಯಾಕೆಟ್‌ಗಳು ಸರಿಯಾದ ಹೊತ್ತಿಗೆ ಬರಬೇಕು. ತೊಂದರೆ ಎಲ್ಲಾ ಅಲ್ಲಿದೆ.

ಫೈಲ್ ಡೌನ್‌ಲೋಡ್ ಮಾಡುವಾಗ ಸಾಮಾನ್ಯವಾಗಿ ಕೆಲಸ ಮಾಡುವುದು ಟಿಸಿಪಿ ಎಂಬ ಸಾಗಣೆಯ ನಿಯಮ. ಒಂದು ಪ್ಯಾಕೆಟ್ ಕಳೆದರೂ ಮತ್ತೆ ತರಿಸುತ್ತದೆ. ಅದು ಬರುವ ತನಕ ಅದರ ಹಿಂದೆ ಹೊರಟವು ತಲುಪಿದ್ದರೂ ಆ್ಯಪ್‌ಗೆ ಕೊಡುವುದಿಲ್ಲ. ಬ್ಯಾಂಕಿನ ಲೆಕ್ಕಕ್ಕೆ, ಪಿಡಿಎಫ್‌ಗೆ ಇದೇ ಬೇಕು. ಮಾತಿಗೆ ಬೇಡ. ಅಮೆರಿಕದಲ್ಲಿರುವ ಮಗನ ಜೊತೆ ಮಾತಾಡುವಾಗ ಪ್ಯಾಕೆಟ್ ಹೋಗಿಬರಲು ಸುಮಾರು ಕಾಲು ಸೆಕೆಂಡ್ ಬೇಕು. ಕಳೆದದ್ದನ್ನು ಮತ್ತೆ ತರಿಸುವಷ್ಟರಲ್ಲಿ ಆ ಮಾತಿನ ಹೊತ್ತು ದಾಟಿರುತ್ತದೆ. ಧಾರೆ ಮುಗಿದ ಮೇಲೆ ಬಂದ ಅಕ್ಷತೆಯಂತೆ, ಬಂದರೂ ಉಪಯೋಗವಿಲ್ಲ. ಒಂದು ಕಡೆಯ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಮಾತು ಸಲೀಸು ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಅದರಾಚೆ ಹೋದಂತೆ ಇಬ್ಬರೂ ಒಟ್ಟಿಗೇ ಮಾತು ಶುರು ಮಾಡುತ್ತಾರೆ, ಒಟ್ಟಿಗೇ ನಿಲ್ಲಿಸುತ್ತಾರೆ.

ಇದು ಹೊಸ ತಿಳಿವಳಿಕೆಯೂ ಅಲ್ಲ. 1970ರ ದಶಕದಲ್ಲೇ ಇಂಟರ್ನೆಟ್‌ಗೆ ಮೊದಲಿದ್ದ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಮಾತು ಕಳಿಸುವ ಪ್ರಯೋಗ ನಡೆದಿತ್ತು. ಅದರಲ್ಲಿದ್ದ ಡ್ಯಾನಿ ಕೋಹೆನ್, ಎಲ್ಲದಕ್ಕೂ ಟಿಸಿಪಿಯ ಕಟ್ಟುನಿಟ್ಟು ಹೇರಬೇಡಿ ಎಂದು ವಾದಿಸಿದವರಲ್ಲಿ ಒಬ್ಬರು. 1978ರಲ್ಲಿ ಟಿಸಿಪಿ ಮತ್ತು ವಿಳಾಸ ನೋಡಿ ಪ್ಯಾಕೆಟ್ ಸಾಗಿಸುವ ಐಪಿ ಬೇರೆ ಬೇರೆಯಾದವು. 1980ರಲ್ಲಿ ಜಾನ್ ಪೋಸ್ಟೆಲ್ ಯುಡಿಪಿ ಎಂಬ ಹಗುರ ನಿಯಮ ಬರೆದರು. ಮೂರೇ ಪುಟದ ದಾಖಲೆ, 8 ಬೈಟಿನ ಹೆಡರ್. ಕಳಿಸುತ್ತದೆ, ಅಷ್ಟೇ. ತಲುಪಿತಾ ಅಂತ ಕೇಳುವುದಿಲ್ಲ. ನಮ್ಮ ವಿಡಿಯೋ ಕಾಲ್‌ಗಳು ಹೆಚ್ಚಾಗಿ ನಿಂತಿರುವುದು ಇದರ ಮೇಲೆ.

ಯುಡಿಪಿಗೆ ಕ್ರಮ ಗೊತ್ತಿಲ್ಲ, ಹೊತ್ತೂ ಗೊತ್ತಿಲ್ಲ. ಅದಕ್ಕೇ ಅದರ ಮೇಲೆ ಆರ್‌ಟಿಪಿ ಎಂಬ ಇನ್ನೊಂದು ನಿಯಮ ಕೂತಿದೆ. ಮೊದಲು ಬಂದದ್ದು 1996ರಲ್ಲಿ, ಈಗ ಬಳಸುವ ರೂಪ 2003ರದ್ದು. ಕಾಲ್ ತೊಂದರೆ ಹುಡುಕುವಾಗ ನಾನು ಮೊದಲು ತೆರೆದು ನೋಡುವುದು ಇದರ ಹೆಡರನ್ನೇ. 12 ಬೈಟಿನಲ್ಲಿ ಎಷ್ಟು ಚಂದ ಕೆಲಸ ಮಾಡಿದ್ದಾರೆ! ಅದರಲ್ಲಿ ಕ್ರಮಸಂಖ್ಯೆ ಪ್ರತಿ ಪ್ಯಾಕೆಟ್‌ಗೆ ಒಂದೊಂದು ಏರುತ್ತದೆ: 4101, 4102, ಆಮೇಲೆ 4104 ಬಂತು ಅಂದರೆ 4103 ಕಳೆದಿದೆ, ಇಲ್ಲವೇ ಹಿಂದೆ ಬಿದ್ದಿದೆ. ಪಕ್ಕದಲ್ಲೇ ಆ ತುಣುಕಿನ ಹೊತ್ತು ಹೇಳುವ ಟೈಮ್‌ಸ್ಟಾಂಪ್ ಇದೆ. ಓಪಸ್‌ನಲ್ಲಿ ಅದು 20 ಮಿಲಿಸೆಕೆಂಡಿಗೆ 960 ಏರುತ್ತದೆ.

ಎರಡೂ ಯಾಕೆ ಬೇಕು ಅಂತ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನೀವು ಮಾತು ನಿಲ್ಲಿಸಿ ಯೋಚಿಸುತ್ತಿದ್ದೀರಿ ಅನ್ನಿ. ಆಗ ಪ್ಯಾಕೆಟ್ ಕಳಿಸುವುದನ್ನು ಹೆಚ್ಚುಕಮ್ಮಿ ನಿಲ್ಲಿಸುವ ಏರ್ಪಾಡೂ ಉಂಟು. ಮತ್ತೆ ಮಾತಾಡಿದಾಗ ಕ್ರಮಸಂಖ್ಯೆ ಒಂದೇ ಏರಿರುತ್ತದೆ, ಟೈಮ್‌ಸ್ಟಾಂಪ್ ಮಾತ್ರ ದೂರ ಜಿಗಿದಿರುತ್ತದೆ. ಆ ಕಡೆಯ ಫೋನಿಗೆ ಅರ್ಥವಾಗುತ್ತದೆ: ಏನೂ ಕಳೆದಿಲ್ಲ, ಇವರು ಸುಮ್ಮನಿದ್ದರು. ಒಂದೇ ಅಂಕಿ ಇದ್ದಿದ್ದರೆ ಮೌನವೂ ನಷ್ಟವೂ ಒಂದೇ ಥರ ಕಾಣುತ್ತಿತ್ತು.

ಧ್ವನಿ ಮತ್ತು ಚಿತ್ರಕ್ಕೆ ಬೇರೆ ಬೇರೆ ಟೈಮ್‌ಸ್ಟಾಂಪ್. ಇವೆರಡನ್ನೂ ಒಂದೇ ಗಡಿಯಾರಕ್ಕೆ ಹೊಂದಿಸಿಕೊಡುವುದು ಆರ್‌ಟಿಪಿಯ ಜೊತೆಗಾರ ಆರ್‌ಟಿಸಿಪಿ. ತುಟಿಯ ಚಲನೆಗೂ ಮಾತಿಗೂ ತಾಳ ಕೂಡುವುದು ಅದರಿಂದ. ಎಷ್ಟು ಪ್ಯಾಕೆಟ್ ಕಳೆಯಿತು, ಬರುವ ಹೊತ್ತು ಎಷ್ಟು ಏರುಪೇರಾಯಿತು ಎಂಬ ವರದಿಯೂ ಅದರಲ್ಲೇ ಹೋಗುತ್ತದೆ.

ಈ ಏರುಪೇರಿಗೆ ಜಿಟ್ಟರ್ ಅಂತಾರೆ. ಅದನ್ನು ತಡೆದುಕೊಳ್ಳಲು ಫೋನು ಬಂದ ಪ್ಯಾಕೆಟ್‌ಗಳನ್ನು ಕೆಲವು ಹತ್ತು ಮಿಲಿಸೆಕೆಂಡ್ ಹಿಡಿದಿಟ್ಟು, ಸಾಲು ಮಾಡಿ ನುಡಿಸುತ್ತದೆ. ಜಾಸ್ತಿ ಹಿಡಿದರೆ ಮಾತು ತಡ, ಕಮ್ಮಿ ಹಿಡಿದರೆ ಮಾತು ತುಂಡು. ಒಂದು ತುಣುಕು ಕಳೆದರೆ ಹಿಂದಿನ ದನಿ ನೋಡಿ ಊಹಿಸಿ ತುಂಬುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಸಾಲಾಗಿ ಐದಾರು ಹೋದರೆ ರೋಬೋ ದನಿ. ಚಿತ್ರದ ಕಷ್ಟ ಇನ್ನೂ ದೊಡ್ಡದು. ಬಹುತೇಕ ಫ್ರೇಮ್‌ಗಳು (ಒಂದೊಂದು ಚಿತ್ರ) ಹಿಂದಿನ ಫ್ರೇಮಿನಿಂದ ಆದ ಬದಲಾವಣೆಯನ್ನಷ್ಟೇ ಹೊತ್ತಿರುವುದರಿಂದ, ಒಂದು ಕೆಟ್ಟರೆ ಮುಂದಿನದೂ ಕೆಡುತ್ತದೆ. ಆಗ ಫೋನು ಪೂರ್ತಿ ಫ್ರೇಮ್ ಮತ್ತೆ ಕಳಿಸು ಅಂತ ಕೇಳುತ್ತದೆ. ಮುಖ ಹೆಪ್ಪುಗಟ್ಟಿ ನಿಂತು ತಟ್ಟನೆ ಸರಿಹೋಗುವುದು ಹೀಗೆ.

ಈಗ ವಿದ್ಯಾನಗರದ ಒಂದು ಮನೆ. ಮೇಡಂ ಪಿಯುಸಿ ಮಕ್ಕಳಿಗೆ ಆನ್‌ಲೈನಲ್ಲಿ ಗಣಿತ ಹೇಳಿಕೊಡುತ್ತಾರೆ. ಬೆಳಗ್ಗೆ ಪಾಠ ಸಲೀಸು, ಸಂಜೆ ಮಾತ್ರ ಮಾತು ಒಡೆಯುತ್ತಿತ್ತು. ಅವರ ಮೈದುನ ಫೋಟೋಗ್ರಾಫರ್. ಸಂಜೆ ಮನೆಗೆ ಬಂದು ಮದುವೆ ಫೋಟೋಗಳನ್ನು ಕ್ಲೌಡ್‌ಗೆ ಹಾಕುತ್ತಾನೆ. ಅಪ್‌ಲೋಡ್ ಇದ್ದದ್ದು 10 ಎಂಬಿಪಿಎಸ್. ಕಳಿಸಲಾಗದ್ದನ್ನು ರೌಟರ್ ತನ್ನ ಮೆಮೊರಿಯಲ್ಲಿ ಸಾಲು ನಿಲ್ಲಿಸುತ್ತದೆ. ಅಲ್ಲಿ ಒಂದು ಎಂಬಿ ಫೋಟೋ ನಿಂತಿದ್ದರೆ ಅದು ಖಾಲಿಯಾಗಲು ಸೆಕೆಂಡಿನ ಹತ್ತರಲ್ಲಿ ಎಂಟು ಭಾಗ ಬೇಕು. ಮೇಡಂ ಮಾತಿನ 120 ಬೈಟ್ ಆ ಸಾಲಿನ ಹಿಂದೆ! ಪ್ಯಾಕೆಟ್ ಹೋಗಿಬರುವ ಹೊತ್ತು ಅಳೆಯುವ ಪಿಂಗ್ ಹಾಕಿಟ್ಟು, ಅಪ್‌ಲೋಡ್ ಶುರು ಮಾಡು ಅಂತ ಮೈದುನನಿಗೆ ಅಂದೆ. ಎಲ್ಲರ ಕಣ್ಣೆದುರೇ 12 ಮಿಲಿಸೆಕೆಂಡಿದ್ದದ್ದು 700 ದಾಟಿತು. ನಿಲ್ಲಿಸಿದ ಕೂಡಲೇ ಇಳಿಯಿತು.

ಪ್ಲಾನ್ ಬದಲಿಸಲಿಲ್ಲ. ರೌಟರಿನಲ್ಲಿ ಈ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು 9ಕ್ಕೆ ಇಳಿಸಿ, ಮೇಡಂ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಎಳೆದೆವು. ಎಸ್‌ಕ್ಯೂಎಂ ಇದ್ದರೆ ಸಣ್ಣ ಹರಿವುಗಳು ದೊಡ್ಡ ಫೈಲಿನ ಹಿಂದೆ ಕಾಯುವುದಿಲ್ಲ. ಎಲ್ಲಾ ರೌಟರಿನಲ್ಲೂ ಈ ಸೌಲಭ್ಯ ಇರುವುದಿಲ್ಲ. ಇಲ್ಲದಿದ್ದರೆ ಅಪ್‌ಲೋಡ್ ಮಾಡುವ ಆ್ಯಪ್‌ನಲ್ಲೇ ಸ್ಪೀಡ್ ಮಿತಿ ಹಾಕಿ. ಕೇಬಲ್ ವಿಷಯದಲ್ಲಂತೂ ನಾನು ಹಟ ಹಿಡಿಯುತ್ತೇನೆ. ಪಾಠ ಹೇಳುವವರು, ವೈದ್ಯರು, ಕೋರ್ಟ್ ಕಲಾಪಕ್ಕೆ ಕೂರುವ ವಕೀಲರು ಗೋಡೆ ಆಚೆಯ ವೈಫೈ ನಂಬಬಾರದು.

ಕಲ್ಯಾಣ ಮಂಟಪದಿಂದ ಲೈವ್ ಬೇಕು ಅನ್ನುವವರಿಗೆ ಲೆಕ್ಕ ಬೇರೆ. ನೂರಾರು ಜನ ಬರೀ ನೋಡುವುದಾದರೆ ತಡವಾದರೂ ಪರವಾಗಿಲ್ಲ, ಚಿತ್ರ ಒಡೆಯಬಾರದು. ಅಲ್ಲಿ ಟಿಸಿಪಿಯೇ ಸರಿ. ಮಂಟಪದಿಂದ ಸಾಮಾನ್ಯವಾಗಿ ಟಿಸಿಪಿ ಮೇಲೆಯೇ ನಡೆಯುವ ಆರ್‌ಟಿಎಂಪಿಯಲ್ಲಿ ಹೋಗುತ್ತದೆ, ನೋಡುವವರಿಗೆ ಕೆಲವು ಸೆಕೆಂಡಿನ ತುಂಡುಗಳಾಗಿ ವೆಬ್ ಪುಟದಂತೆ ತಲುಪುತ್ತದೆ. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಈ ಬಗೆಯದು. ಕೆಲವು ತುಂಡು ಕೂಡಿಟ್ಟುಕೊಂಡೇ ತೋರಿಸುವುದರಿಂದ ಹತ್ತು ಇಪ್ಪತ್ತು ಸೆಕೆಂಡ್ ಹಿಂದೆ ಇರುತ್ತದೆ. 1080ಪಿಗೆ ಸುಮಾರು 5 ಎಂಬಿಪಿಎಸ್ ಹೋಗುವುದಾದರೆ ಅದರ ಎರಡರಷ್ಟು ಅಪ್‌ಲೋಡ್ ಇರಲಿ. ಪೂರ್ತಿ ಫ್ರೇಮ್ ಎರಡು ಸೆಕೆಂಡಿಗೊಂದು ಇಡಿ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಳ್ಳಬೇಡಿ. ಖಾಲಿ ಮಂಟಪದಲ್ಲಿ ಹಿಂದಿನ ದಿನ ಚೆನ್ನಾಗಿ ಬಂದದ್ದು, ಮುಹೂರ್ತಕ್ಕೆ ಎಲ್ಲರ ಫೋನೂ ಅದೇ ಟವರ್ ಹಿಡಿದಾಗ ಬರುವುದಿಲ್ಲ.

ದೂರದಲ್ಲಿರುವ ಅಜ್ಜಿ ಮಾತಾಡಿ ಹರಸಬೇಕು ಅಂದರೆ ಬೇರೆ ಫೋನಿನಲ್ಲಿ ವಿಡಿಯೋ ಕಾಲ್ ಇಡಿ. ಆ ಹೊತ್ತಿಗೆ ಅಜ್ಜಿಯ ಟಿವಿಯಲ್ಲಿ ಓಡುತ್ತಿರುವ ಲೈವ್‌ನ ಸೌಂಡ್ ಬಂದ್ ಮಾಡಲು ಹೇಳಿ. ಇಲ್ಲಾಂದ್ರೆ ತಾಳಿ ಕಟ್ಟಿ ಆದ ಮೇಲೆ ಗಟ್ಟಿಮೇಳ ಆ ಕಾಲ್‌ನಲ್ಲಿ ಇನ್ನೊಮ್ಮೆ ಮೊಳಗುತ್ತದೆ.