ನೋಟ್ಸ್ ನೀಟಾಗಿದೆ, ಓದು ಅಂದರೆ ಬಾಯಿ ಬಿಡುವುದಿಲ್ಲ: ಟ್ಯೂಷನ್‌ಗೆ ಹಾಕಬೇಕೇ?

ಪ್ರಶ್ನೆ: ಮಗ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಪ್ರಶ್ನೋತ್ತರ ಎಲ್ಲಾ ಚೆನ್ನಾಗಿ ಬರೆದಿರುತ್ತಾನೆ, ಮೇಡಂ ರೈಟ್ ಕೂಡ ಹಾಕಿರುತ್ತಾರೆ. ಪುಸ್ತಕ ಕೊಟ್ಟು ಓದು ಅಂದರೆ ಒಂದು ಸಾಲೂ ಆಗುವುದಿಲ್ಲ. ಟ್ಯೂಷನ್‌ಗೆ ಹಾಕಬೇಕಾ?

ಉತ್ತರ: ಟ್ಯೂಷನ್ ವಿಚಾರ ಆಮೇಲೆ. ಮೊದಲು ಆ ನೋಟ್ಸ್ ಪುಸ್ತಕವನ್ನು ಬದಿಗಿಡಿ. ಬೋರ್ಡಿನಲ್ಲಿರುವುದನ್ನು ನೋಡಿ ಬರೆಯುವುದು ಚಿತ್ರ ಬಿಡಿಸಿದ ಹಾಗೆ; ಅದಕ್ಕೆ ಓದು ಬರಲೇಬೇಕು ಅಂತಿಲ್ಲ. ತಾನೇ ದುಂಡಗೆ ಬರೆದ ಉತ್ತರವನ್ನು ಓದಲಾಗದ ಮಕ್ಕಳು ಬೇಕಾದಷ್ಟಿದ್ದಾರೆ.

ಇದು ನಾಲ್ಕನೇ ಕ್ಲಾಸಿನಲ್ಲೇ ಬಯಲಾಗುವುದಕ್ಕೂ ಕಾರಣವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಕೈಗೆ ಪಠ್ಯಪುಸ್ತಕ, ಅದರಲ್ಲಿ ಉದ್ದುದ್ದ ಗದ್ಯಪಾಠ. ಓದು ಬಂದಿದೆ ಎಂದುಕೊಂಡೇ ಪಾಠ ಮುಂದೆ ಹೋಗುತ್ತದೆ. ಕಾರ್ಡುಗಳ ನಡುವೆ ಎಲ್ಲೋ ನಿಂತುಹೋದ ಮಗು ಇಲ್ಲಿ ಸಿಕ್ಕಿಬೀಳುತ್ತದೆ.

ಹಾಗಾಗಿ ನೀವು ತಿಳಿಯಬೇಕಾದದ್ದು ಒಂದೇ: ಅವನು ಯಾವ ಮೆಟ್ಟಿಲಲ್ಲಿ ನಿಂತಿದ್ದಾನೆ? ಹತ್ತು ನಿಮಿಷ ಸಾಕು. ಅವನು ನೋಡಿರದ ಎರಡನೇ ತರಗತಿ ಮಟ್ಟದ ನಾಲ್ಕೈದು ಸಾಲು ಕೊಡಿ. ಓದಲಿಲ್ಲವೇ, ಗುಣಿತಾಕ್ಷರವಿಲ್ಲದ ಪದ ಕೊಡಿ: ಸರ, ಅರಸ, ಗರಗಸ. ಅದೂ ಇಲ್ಲವೇ, ಬಿಡಿ ಅಕ್ಷರ ಕೇಳಿ. ಆದರೆ ಅ ಆ ಇ ಈ ಎಂದು ಸಾಲಾಗಿ ಕೇಳಿದರೆ ಹಾಡಿ ಮುಗಿಸುತ್ತಾನೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ಒಂದೇ ಅಕ್ಷರ ಕಾಣುವಷ್ಟು ಕಿಂಡಿ ಕತ್ತರಿಸಿ, ಪುಟದ ಮೇಲೆ ಅಲ್ಲಿಲ್ಲಿ ಇಟ್ಟು ಕೇಳಿ. ಚಿತ್ರ ನೋಡಿ ಊಹಿಸುವುದು, ಬಾಯಿಪಾಠದಲ್ಲಿ ತೇಲುವುದು ಎರಡೂ ನಿಲ್ಲುತ್ತವೆ. ತಪ್ಪಿದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಆಗಲೇ ತಿದ್ದಬೇಡಿ.

ಬಿಡಿ ಅಕ್ಷರದಲ್ಲಿ ಎಡವುವವರು ಸಾಮಾನ್ಯವಾಗಿ ಒಂದೇ ಥರ ಕಾಣುವ ಜೋಡಿಗಳಲ್ಲಿ ಎಡವುತ್ತಾರೆ: ಪ–ವ, ಬ–ಭ, ದ–ಧ, ಮ–ವು. ಈ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ, ನಡುವೆ ನಾಲ್ಕು ದಿನ ಬಿಡಿ. ಮತ್ತೆ ಅ ಆ ಇ ಈಯಿಂದ ತಿದ್ದಿಸುವುದೂ ಬೇಡ. ಒಂದನೇ ತರಗತಿಯಲ್ಲೇ ಮೊದಲು ಬರುವುದು ರ ಗ ಸ ದ ಅ; ಐದು ಅಕ್ಷರ ಬಂದರೆ ಅವತ್ತೇ ಪದ ಓದಬಹುದು ಎನ್ನುವ ಲೆಕ್ಕ ಅದು. ಒಂಬತ್ತು ವರ್ಷದ ಹುಡುಗನಿಗೆ ತಂಗಿಯ ಸ್ಲೇಟು ಕೊಟ್ಟರೆ ನಾಚಿಕೆಯೇ ಅರ್ಧ ತೊಂದರೆ ಮಾಡುತ್ತದೆ.

ಕಾಗುಣಿತದಲ್ಲಿ ನಿಂತವನನ್ನು ಗುರುತಿಸುವುದು ಸುಲಭ. 'ಕೇ' ತೋರಿಸಿದರೆ ಕ ಕಾ ಕಿ ಕೀ ಎಂದು ಬೆರಳು ಮಡಚುತ್ತಾ ಅಲ್ಲಿಗೆ ಬರುತ್ತಾನೆ. ಅವನಿಗೆ ಹಾಡು ಬರುತ್ತದೆ, ಚಿಹ್ನೆ ಬರುವುದಿಲ್ಲ. ಒಂದು ಅಕ್ಷರದ ಇಡೀ ಬಳ್ಳಿಯ ಬದಲು ಒಂದು ಚಿಹ್ನೆಯನ್ನು ಹಲವು ಅಕ್ಷರಕ್ಕೆ ಹಾಕಿಸಿ. ಎರಡು ದಿನ ಬರೀ ಗುಡಿಸು: ಕಿ ಗಿ ಸಿ ರಿ ದಿ, ಜೊತೆಗೇ ಗಿಡ, ಕಿವಿ, ಗಿರಿ. ದೀರ್ಘ ತಪ್ಪುವವನಿಗೆ ಅರ್ಥವೇ ಬದಲಾಗುವ ಪದ ಕೊಡಿ: ಬೆಳೆ–ಬೇಳೆ, ಬಿಡು–ಬೀಡು, ಕೊಡು–ಕೋಡು. 'ಬೆಳೆ ಬೇಯಿಸಿದೆ' ಎಂದು ಓದಿ ತಾನೇ ನಕ್ಕರೆ ದೀರ್ಘ ತಲೆಗೆ ಹೋಯಿತು ಅಂತಲೇ ಲೆಕ್ಕ.

ನಾಲ್ಕನೇ ಕ್ಲಾಸಿನ ಹೆಚ್ಚಿನವರು ನಿಲ್ಲುವುದು ಒತ್ತಕ್ಷರದಲ್ಲಿ. ಇದರಲ್ಲಿ ಮಗುವಿನ ತಪ್ಪಿಗಿಂತ ಲಿಪಿಯ ತುಂಟಾಟ ಜಾಸ್ತಿ. ಮುಕ್ಕಾಲು ಪಾಲು ಒತ್ತುಗಳು ತಲಕಟ್ಟು ಕಳಚಿದ ಮೂಲ ಅಕ್ಷರದಂತೆಯೇ ಇರುತ್ತವೆ. ತ, ನ, ಮ, ಯ, ರ, ಲ ಈ ಆರರ ರೂಪ ಮಾತ್ರ ಬೇರೆ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ: ಆರು ಪದ ಗೋಡೆಗೆ ಅಂಟಿಸಿದರೆ ಆರೂ ಮುಗಿಯಿತು. ಕಷ್ಟ ಇರುವುದು ಮುಂದೆ. 'ನಾಲ್ಕು' ನೋಡಿ. ಕೊಂಬು ಕೂತಿರುವುದು ಲಕಾರಕ್ಕೆ, ಒತ್ತು ಕೆಳಗೆ; ಬರೆದ ಕ್ರಮದಲ್ಲೇ ಓದಿದ ಮಗು 'ನಾಲುಕ' ಅನ್ನುತ್ತದೆ. ಕಣ್ಣಿಗೆ ಕಂಡಂತೆ ಸರಿಯಾಗಿಯೇ ಓದಿದೆ! ಮೇಲಿನ ಅಕ್ಷರ ಅರ್ಧ, ಸ್ವರ ಕೆಳಗಿನ ಒತ್ತಿಗೆ ಸೇರಬೇಕು ಎನ್ನುವುದನ್ನು ಬಿಡಿಸಿ ತೋರಿಸಿ: ನಾ, ಲ್, ಕು. ಅರ್ಕಾವತ್ತು ಇದಕ್ಕೆ ಉಲ್ಟಾ. 'ಸೂರ್ಯ'ದಲ್ಲಿ ಚಿಹ್ನೆ ಯಕಾರದ ಆಚೆ, ಉಚ್ಚಾರ ಈಚೆ. 'ಸೂಯರ' ಎಂದರೆ ಬೈಯಬೇಡಿ. ಒಂದೊಂದಕ್ಕೂ ಹತ್ತು ಪದ, ನಾಲ್ಕು ದಿನ.

ದಿನಕ್ಕೆ 20 ನಿಮಿಷ, ವಾರಕ್ಕೆ ಆರು ದಿನ, ಊಟಕ್ಕೆ ಮುಂಚೆ. ಐದು ನಿಮಿಷ ಹಳೆಯದು, ಹತ್ತು ನಿಮಿಷ ಹೊಸದು, ಉಳಿದದ್ದು ನೀವು ಓದಿ ಅವನು ಕೇಳುವುದು. ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಇಡೀ ಪದ ಹೇಳಿಕೊಟ್ಟು ಮುಂದೆ ಹೋಗಿ. ನಿಮಗೇ ಓದು ಬಾರದಿದ್ದರೂ ಪಕ್ಕದಲ್ಲಿ ಕೂರಿ. ಓದಿದ್ದು ಮಾತಿನ ಹಾಗೆ ಕೇಳಿಸಿತೋ ಇಲ್ಲವೋ ಎನ್ನುವುದು ಕಿವಿಗೆ ಗೊತ್ತಾಗುತ್ತದೆ. ವೇಗಕ್ಕೆ ಈಗಲೇ ಗಡಿಯಾರ ಹಿಡಿಯಬೇಡಿ. 2021ರ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂದು ಗುರಿ ಇಟ್ಟಿದೆ, ನಿಜ. ಆದರೆ ಕನ್ನಡದಲ್ಲಿ 'ಮನೆಯಲ್ಲಿದ್ದವರಿಗೆಲ್ಲ' ಎನ್ನುವುದೂ ಒಂದೇ ಪದ.

ಮನೆಮಾತು ಉರ್ದು, ತೆಲುಗು, ಲಂಬಾಣಿ ಆಗಿದ್ದರೆ ಇನ್ನೊಂದು ನೋಡಿ: ಅಕ್ಷರ ಕೂಡಿಸಿ ಓದುತ್ತಾನೆ, ಪದವೇ ಗೊತ್ತಿಲ್ಲದೆ ನಿಲ್ಲುತ್ತಾನೆ. ಅವನಿಗೆ ಕಾಗುಣಿತ ಅಲ್ಲ, ಕನ್ನಡದ ಮಾತು ಮತ್ತು ಕಥೆ ಬೇಕು.

ಶಾಲೆಗೆ ಹೋದಾಗ 'ಹೇಗೆ ಓದುತ್ತಾನೆ ಮೇಡಂ' ಅಂದರೆ 'ಸ್ವಲ್ಪ ವೀಕು' ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಆ ಚೀಟಿ ತೋರಿಸಿ, 'ಒತ್ತಕ್ಷರದಲ್ಲಿ ನಿಲ್ಲುತ್ತಾನೆ, ಶಾಲೆಯ ಲೈಬ್ರರಿಯಿಂದ ವಾರಕ್ಕೊಂದು ಸಣ್ಣ ಕಥೆ ಪುಸ್ತಕ ಕೊಡುತ್ತೀರಾ' ಎಂದು ಕೇಳಿ. ಮೂರು ಮಟ್ಟದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡು ಪಾಠವನ್ನೂ ಮುಗಿಸಬೇಕಾದ ಶಿಕ್ಷಕಿಗೆ ನಿಮ್ಮ ಚೀಟಿ ಅರ್ಧ ಕೆಲಸ ಮಾಡಿಕೊಟ್ಟ ಹಾಗೆ.

ಕಣ್ಣು, ಕಿವಿ ಒಮ್ಮೆ ತೋರಿಸಿಬಿಡಿ. ಮೂರು ತಿಂಗಳು ಬಿಡದೆ ಕೂರಿಸಿದರೂ ಚೀಟಿಯಲ್ಲಿ ಅದೇ ತಪ್ಪುಗಳಿದ್ದರೆ ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಪ್ರಮಾಣಪತ್ರ ಇದ್ದರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತದೆ.

ಇನ್ನು ಟ್ಯೂಷನ್. ಸಂಜೆ ಶಾಲೆಯ ಹೋಂವರ್ಕ್ ಬರೆಸಿ, ಗೈಡಿನ ಉತ್ತರ ಕಾಪಿ ಮಾಡಿಸಿ ಕಳಿಸುವ ಜಾಗವಾದರೆ ಬೇಡ. ಅದು ಅವನಿಗೆ ಈಗಲೇ ಚೆನ್ನಾಗಿ ಬರುತ್ತದೆ. ನಿಮಗೆ ಸಮಯವೇ ಇಲ್ಲದಿದ್ದರೆ ಕಳಿಸಿ, ಆದರೆ ಮೊದಲ ದಿನವೇ ಚೀಟಿ ಕೊಟ್ಟು ಈ ಒತ್ತಕ್ಷರ ಓದಿಸಿ, ಬರೆಸುವುದು ಬೇಡ ಎನ್ನಿ. ತಿಂಗಳಿಗೊಮ್ಮೆ ಅದೇ ಕಿಂಡಿಯ ರಟ್ಟು ತೆಗೆದು, ಅವನು ನೋಡಿರದ ಹೊಸ ಪುಟದ ಮೇಲೆ ಇಟ್ಟು ನೀವೇ ಕೇಳಿ.